ಲಿಪಿಕಾರನ ಬೆನ್ನು, ಸಂಶೋಧಕನ ಮಣಿಕಟ್ಟು

ಹಳೆಯ ಹಸ್ತಪ್ರತಿಗಳಲ್ಲಿ ಕೃತಿ ಮುಗಿದ ಜಾಗದಲ್ಲಿ ಕವಿಯ ಮಾತು ನಿಂತು ಲಿಪಿಕಾರನ ಮಾತು ಶುರುವಾಗುತ್ತದೆ. ಸಂವತ್ಸರ, ಮಾಸ, ತಿಥಿ, ಬರೆಯಿಸಿದವರ ಹೆಸರು, ಬರೆದವನ ಹೆಸರು, ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂಬ ಬಿನ್ನಹ. ಭಾರತದ ನಾನಾ ಭಾಗಗಳ ಹಸ್ತಪ್ರತಿಗಳಲ್ಲಿ ಇವುಗಳ ಜೊತೆಗೆ ಒಂದು ಸಂಸ್ಕೃತ ಶ್ಲೋಕವೂ ಮತ್ತೆ ಮತ್ತೆ ಕಾಣಸಿಗುತ್ತದೆ. ತನ್ನ ಬೆನ್ನು, ಸೊಂಟ, ಕುತ್ತಿಗೆಗಳಿಗೆ ಒದಗಿದ ಪಾಡನ್ನೂ ತಲೆ ಬಗ್ಗಿಸಿ ಕಣ್ಣು ಕೀಲಿಸಿ ಕುಳಿತ ಕಷ್ಟವನ್ನೂ ಲಿಪಿಕಾರ ಅದರಲ್ಲಿ ತೋಡಿಕೊಳ್ಳುತ್ತಾನೆ. ಇಷ್ಟು ಪಾಡುಪಟ್ಟು ಬರೆದ ಗ್ರಂಥವನ್ನು ಜೋಪಾನ ಮಾಡಿರೆಂದು ಓದುಗನನ್ನು ಕೇಳಿಕೊಳ್ಳುತ್ತಾನೆ. ಇದೇ ಕಾಲದಲ್ಲಿ ಯೂರೋಪಿನ ಕ್ರೈಸ್ತ ಮಠಗಳಲ್ಲಿ ಚರ್ಮದ ಹಾಳೆಗಳ ಮೇಲೆ ಬರೆಯುತ್ತಿದ್ದ ಸನ್ಯಾಸಿಗಳು ಲ್ಯಾಟಿನ್ನಿನಲ್ಲಿ ಇಂಥದ್ದೇ ಅಳಲನ್ನು ಬರೆದಿಟ್ಟಿದ್ದಾರೆ: ಬರೆಯುವುದು ಮೂರೇ ಬೆರಳಾದರೂ ದುಡಿಯುವುದು ಇಡೀ ಮೈ ಎಂದು. ಒಬ್ಬರ ವಿಷಯ ಒಬ್ಬರಿಗೆ ತಿಳಿಯದಷ್ಟು ದೂರದಲ್ಲಿದ್ದ ಎರಡು ನಾಡಿನ ಬರಹಗಾರರ ಬೆನ್ನುಗಳು ಮಾತ್ರ ಒಂದೇ ಭಾಷೆ ಆಡುತ್ತಿದ್ದವು.

ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ದಾನಚಿಂತಾಮಣಿ ಅತ್ತಿಮಬ್ಬೆಯನ್ನು ಕನ್ನಡ ನಾಡು ಇಂದಿಗೂ ಕೊಂಡಾಡುತ್ತದೆ. ಕೊಂಡಾಡುವುದು ನ್ಯಾಯವೇ. ಆದರೆ ಆ ಸಾವಿರ ಪ್ರತಿಗಳ ಹಿಂದೆ ಎಷ್ಟು ಬೆನ್ನುಗಳು ಬಾಗಿದ್ದವು, ಎಷ್ಟು ಕಣ್ಣುಗಳು ಮಂಜಾದವು ಎಂಬ ಲೆಕ್ಕವನ್ನು ಯಾವ ಶಾಸನವೂ ಇಟ್ಟಿಲ್ಲ.

ಇಂದು ವಿಶ್ವವಿದ್ಯಾಲಯದ ಹಾಸ್ಟೆಲಿನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕುಳಿತು ಮಹಾಪ್ರಬಂಧ ಬರೆಯುತ್ತಿರುವ ಸಂಶೋಧನ ವಿದ್ಯಾರ್ಥಿಯನ್ನು ಎಲ್ಲಿ ನೋವು ಎಂದು ಕೇಳಿದರೆ ಆತ ಹೇಳುವುದೂ ಅದೇ ಪಟ್ಟಿಯನ್ನೇ: ಕುತ್ತಿಗೆ, ಸೊಂಟ, ಬೆನ್ನು, ಉರಿಯುವ ಕಣ್ಣು. ಹೊಸದಾಗಿ ಸೇರಿರುವುದು ಮಣಿಕಟ್ಟು ಒಂದೇ. ಹಾಗಾದರೆ ಓದುಬರಹ ಎಂದ ಮೇಲೆ ನೋವು ಇದ್ದದ್ದೇ ಎಂದು ಕೈ ಕೊಡವಿಬಿಡಬಹುದೇ? ಹಾಗೆ ಹೇಳಲು ಬರುವುದಿಲ್ಲ. ಬರೆಯುವ ಸಾಧನಗಳ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಹಿಂದಿನ ಸಾಧನಗಳೆಲ್ಲವೂ ಬರೆಯುವವನನ್ನು ಆಗಾಗ ತಡೆದು ನಿಲ್ಲಿಸುತ್ತಿದ್ದವು. ಪ್ರತಿಯೊಂದು ಹೊಸ ಸಾಧನವೂ ಅಂಥ ಒಂದೊಂದು ತಡೆಯನ್ನು ಕಿತ್ತುಹಾಕುತ್ತ ಬಂತು. ಕಂಪ್ಯೂಟರ್ ಕೊನೆಯದನ್ನೂ ಕಿತ್ತುಹಾಕಿತು.

ಓಲೆಗರಿಯ ಕೆಲಸವನ್ನೇ ನೋಡಿ. ನೆಲದ ಮೇಲೆ ಕುಳಿತ ಲಿಪಿಕಾರ ಎಡಗೈಯಲ್ಲಿ ಗರಿಯನ್ನು ಹಿಡಿದು ಬಲಗೈಯ ಕಬ್ಬಿಣದ ಲೇಖನಿಯಿಂದ ಅಕ್ಷರ ಕೊರೆಯುತ್ತಿದ್ದ. ಗರಿ ಮುಗಿದರೆ ಇನ್ನೊಂದು ಗರಿ ತೆಗೆಯಬೇಕು. ಕೊರೆದ ಅಕ್ಷರ ಕಾಣುವಂತೆ ಮಸಿ ಹಚ್ಚಿ ಒರೆಸಬೇಕು. ಲೇಖನಿಯ ಮೊನೆ ಮೊಂಡಾದರೆ ಮಸೆಯಬೇಕು. ಬೆಳಕು ಹೋದರೆ ಕೆಲಸ ಮುಗಿಯಿತು. ಓದುವಾಗ ಪುಸ್ತಕವನ್ನು ತೊಡೆಯ ಮೇಲಿಡದೆ ವ್ಯಾಸಪೀಠದ ಮೇಲಿಡುವ ಪದ್ಧತಿಯೂ ಇತ್ತು. ಕತ್ತರಿಯಾಕಾರದ ಆ ಮರದ ಪೀಠಕ್ಕೆ ಗೌರವದ ಕಾರಣ ಹೇಳುತ್ತಾರೆ. ಅದು ಗ್ರಂಥವನ್ನು ಕಣ್ಣಿನತ್ತ ಎತ್ತಿ ಕುತ್ತಿಗೆಯ ಭಾರವನ್ನೂ ಇಳಿಸುತ್ತಿತ್ತು ಎಂಬುದನ್ನು ಯಾರೂ ಹೇಳುವುದಿಲ್ಲ. ಇಂದು ಅಂಗಡಿಗಳಲ್ಲಿ ಮಾರುವ ಲ್ಯಾಪ್‌ಟಾಪ್ ಸ್ಟ್ಯಾಂಡು ಅದರ ದೂರದ ನೆಂಟ.

ಕುಳಿತೇ ಇರುವುದು ರೋಗಕ್ಕೆ ದಾರಿ ಎಂಬ ತಿಳಿವು ನಮ್ಮ ವೈದ್ಯರಿಗೆ ಹೊಸದಲ್ಲ. ಪ್ರಮೇಹದ ಕಾರಣಗಳನ್ನು ಹೇಳುವಾಗ ಚರಕಸಂಹಿತೆ ಕುಳಿತಿರುವ ಸುಖವನ್ನೇ ಮೊದಲಿಗೆ ಹೆಸರಿಸುತ್ತದೆ. ನಿದ್ದೆಯ ಸುಖ, ಮೊಸರು ಮುಂತಾದವೆಲ್ಲ ಆಮೇಲೆ ಬರುತ್ತವೆ. ಆದರೆ ಅಲ್ಲಿ ಮಾತು ಉಂಡು ಕುಳಿತವರ ಬಗ್ಗೆ, ದುಡಿಯಲು ಕುಳಿತವರ ಬಗ್ಗೆ ಅಲ್ಲ. ವಿದ್ವಾಂಸರ ಆರೋಗ್ಯಕ್ಕೆಂದೇ ಯೂರೋಪಿನಲ್ಲಿ ಪುಸ್ತಕ ಬಂದದ್ದು 1489ರಲ್ಲಿ. ಫ್ಲಾರೆನ್ಸಿನ ಮಾರ್ಸಿಲಿಯೊ ಫಿಚಿನೊ ಬರೆದ ಗ್ರಂಥದ ಮೊದಲ ಭಾಗ ಪೂರ್ತಿ ಓದುಬರಹದವರ ದೇಹಪಾಲನೆಗೆ ಮೀಸಲು. ಚಿತ್ರಕಾರ ತನ್ನ ಕುಂಚವನ್ನು, ಕಮ್ಮಾರ ತನ್ನ ಸುತ್ತಿಗೆಯನ್ನು, ವಾದ್ಯಗಾರ ತನ್ನ ತಂತಿಯನ್ನು ಜೋಪಾನ ಮಾಡಿಕೊಳ್ಳುತ್ತಾನೆ, ವಿದ್ವಾಂಸನೊಬ್ಬನೇ ತನ್ನ ಉಪಕರಣವನ್ನು ಅಲಕ್ಷಿಸುತ್ತಾನೆ ಎಂಬುದು ಅವನ ದೂರು. ರಾತ್ರಿಯ ಜಾಗರಣೆ ಬಿಟ್ಟು ಸೂರ್ಯನೊಡನೆ ಎದ್ದು ಓದಿ ಎಂದ ಅವನ ಸಲಹೆ ಇಂದಿನ ಹಾಸ್ಟೆಲುಗಳಲ್ಲಿ ನಡೆಯಲಾರದು ಎಂಬುದು ಬೇರೆ ಮಾತು.

ಈ ಕಥೆಯಲ್ಲಿ ದೊಡ್ಡ ಹೆಸರು ಬರ್ನಾರ್ಡಿನೊ ರಮಾಜ್ಜಿನಿಯದು. 1633ರಲ್ಲಿ ಇಟಲಿಯ ಕಾರ್ಪಿಯಲ್ಲಿ ಹುಟ್ಟಿದ ಈತ ಮೊಡೆನಾದಲ್ಲಿ, ಆಮೇಲೆ ಪಾದುವಾದಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕ. ಒಮ್ಮೆ ಈತನ ಮನೆಯ ಮಲದ ಗುಂಡಿಯನ್ನು ತೋಡಲು ಬಂದ ಕೆಲಸಗಾರ ಉಸಿರುಗಟ್ಟಿ ಆತುರಾತುರವಾಗಿ ಕೆಲಸ ಮುಗಿಸುತ್ತಿದ್ದ. ಅಷ್ಟು ಅವಸರವೇಕೆಂದು ಕೇಳಿದರೆ, ಹೆಚ್ಚು ಹೊತ್ತು ಅಲ್ಲಿದ್ದರೆ ಕಣ್ಣು ಹೋಗುತ್ತದೆ ಎಂಬ ಉತ್ತರ ಬಂತು. ಅಂದಿನಿಂದ ರಮಾಜ್ಜಿನಿ ಒಂದೊಂದೇ ಕಸುಬಿನ ಬೆನ್ನು ಹತ್ತಿದ. ಗಣಿಯವರು, ಕುಂಬಾರರು, ಅಗಸರು, ಸೂಲಗಿತ್ತಿಯರು ಹೀಗೆ ಹತ್ತಾರು ಕಸುಬುದಾರರ ರೋಗಗಳನ್ನು ಕುರಿತ ಅವನ ಗ್ರಂಥ 1700ರಲ್ಲಿ ಹೊರಬಂತು. ರೋಗಿ ಬಂದಾಗ ಕೇಳಬೇಕಾದ ಹಳೆಯ ಪ್ರಶ್ನೆಗಳ ಜೊತೆಗೆ ಇನ್ನೊಂದನ್ನು ಸೇರಿಸಿ ಎಂದು ಅವನು ವೈದ್ಯರಿಗೆ ಹೇಳಿದ: ನಿನ್ನ ಕಸುಬೇನು?

ತನ್ನ ಜಾತಿಯವರನ್ನೂ ಅವನು ಬಿಡಲಿಲ್ಲ. ವಿದ್ವಾಂಸರ ರೋಗಗಳ ಮೇಲೊಂದು ಅಧ್ಯಾಯ ಮೊದಲ ಮುದ್ರಣದಲ್ಲೇ ಇದೆ. 1713ರ ಎರಡನೆಯ ಮುದ್ರಣದಲ್ಲಿ ಗುಮಾಸ್ತರು ಮತ್ತು ನಕಲುಗಾರರ ಅಧ್ಯಾಯವೂ ಸೇರಿತು. ಬರೆಯುವವರ ನೋವಿಗೆ ಅವನು ಮೂರು ಕಾರಣ ಕೊಡುತ್ತಾನೆ. ಒಂದು, ಎದ್ದೇಳದೆ ಕುಳಿತಿರುವುದು. ಎರಡು, ಕೈಯನ್ನು ಒಂದೇ ದಿಕ್ಕಿನಲ್ಲಿ ಬಿಡುವಿಲ್ಲದೆ ಆಡಿಸುವುದು. ಮೂರು, ಎಲ್ಲಿ ತಪ್ಪು ಬಿದ್ದು ಲೆಕ್ಕ ಕೆಟ್ಟೀತೋ, ಧಣಿಗೆ ನಷ್ಟವಾದೀತೋ ಎಂಬ ಮನಸ್ಸಿನ ಬಿಗಿತ. ಮುನ್ನೂರು ವರ್ಷಗಳ ಅನಂತರವೂ ಈ ಪಟ್ಟಿಗೆ ಸೇರಿಸಬೇಕಾದದ್ದು ಹೆಚ್ಚೇನಿಲ್ಲ. ಬದುಕೆಲ್ಲ ಬರೆದೇ ಹೊಟ್ಟೆ ಹೊರೆದ ಒಬ್ಬ ಗುಮಾಸ್ತನ ವಿಷಯವನ್ನೂ ರಮಾಜ್ಜಿನಿ ಹೇಳುತ್ತಾನೆ. ಅವನ ಬಲಗೈ ಸೋತು ಬಿದ್ದುಹೋಯಿತು. ಯಾವ ಔಷಧಿಯೂ ತಾಗಲಿಲ್ಲ. ಛಲಗಾರನಾದ ಆತ ಎಡಗೈಯಲ್ಲಿ ಬರೆಯಲು ಕಲಿತ. ಕೆಲಕಾಲದಲ್ಲಿ ಎಡಗೈಗೂ ಅದೇ ಗತಿ ಬಂತು. ಬಲಗೈಯ ಮೌಸನ್ನು ಎಡಗೈಗೆ ಬದಲಿಸಿ ನೋವಿನಿಂದ ಪಾರಾದೆನೆಂದುಕೊಳ್ಳುವವರು ಈ ಗುಮಾಸ್ತನನ್ನು ಒಮ್ಮೆ ನೆನೆಯಬೇಕು.

1768ರಲ್ಲಿ ಲೊಸಾನಿನ ವೈದ್ಯ ಟಿಸ್ಸೋ ಇದೇ ವಿಷಯವಾಗಿ ಫ್ರೆಂಚಿನಲ್ಲಿ ಪುಸ್ತಕ ಬರೆದು ಯೂರೋಪಿನ ತುಂಬ ಹೆಸರಾದ. ಬುದ್ಧಿಯ ಎಡೆಬಿಡದ ದುಡಿಮೆ, ದೇಹದ ಎಡೆಬಿಡದ ಆಲಸ್ಯ, ಇವೆರಡೂ ಸೇರಿ ವಿದ್ವಾಂಸನನ್ನು ಕೆಡಿಸುತ್ತವೆ ಎಂಬುದು ಅವನ ವಾದ. ಅತಿ ಯೋಚನೆಯಿಂದ ನರಗಳೇ ಹಾಳಾಗುತ್ತವೆ ಎಂಬ ಅವನ ಭಯವನ್ನು ಇಂದು ಯಾರೂ ಒಪ್ಪುವುದಿಲ್ಲ. ದೇಹದ ಆಲಸ್ಯದ ಬಗೆಗಿನ ಮಾತು ಮಾತ್ರ ನಿಂತಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ತಡೆಗಳು ಒಂದೊಂದಾಗಿ ಕಳಚತೊಡಗಿದವು. ಅಲ್ಲಿಯವರೆಗೆ ಯೂರೋಪಿನವರು ಬರೆಯುತ್ತಿದ್ದುದು ಹಕ್ಕಿಯ ಗರಿಯಿಂದ. ಅದರ ತುದಿ ಬೇಗ ಸವೆಯುತ್ತದೆ. ಬರೆಯುವವನು ಮತ್ತೆ ಮತ್ತೆ ನಿಲ್ಲಿಸಿ ಪುಟ್ಟ ಚಾಕುವಿನಿಂದ ಹೆರೆದುಕೊಳ್ಳಬೇಕು. ಇಂಗ್ಲಿಷಿನಲ್ಲಿ ಇಂದಿಗೂ ಕಿಸೆಯ ಚಾಕುವಿಗಿರುವ ಪೆನ್‌ನೈಫ್ ಎಂಬ ಹೆಸರು ಅಲ್ಲಿಂದ ಬಂದದ್ದು. 1820ರ ದಶಕದಿಂದ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗಳು ಉಕ್ಕಿನ ನಿಬ್ಬುಗಳನ್ನು ರಾಶಿ ರಾಶಿಯಾಗಿ ಹೊರತಂದವು. ಹೆರೆಯುವ ಕೆಲಸ ಹೋಯಿತು, ಅದರೊಡನೆ ಕೈಗೆ ಸಿಗುತ್ತಿದ್ದ ಬಿಡುವೂ ಹೋಯಿತು. 1830ರಲ್ಲಿ ಸರ್ ಚಾರ್ಲ್ಸ್ ಬೆಲ್ ಬರಹಗಾರರ ಕೈಸೆಡೆತವನ್ನು ವರ್ಣಿಸಿದ. ಬ್ರಿಟಿಷ್ ಕಚೇರಿಗಳ ಗುಮಾಸ್ತರಲ್ಲಿ ಇದು ಹಬ್ಬಿದಾಗ ತಪ್ಪು ಉಕ್ಕಿನ ನಿಬ್ಬಿನದೇ ಎಂದು ಹಲವರು ದೂರಿದರು. ಬರೆಯುವವರ ಕೈಸೆಡೆತಕ್ಕೆ ಮಿದುಳಿನ ಚಲನೆಯ ಹತೋಟಿಯಲ್ಲಿ ಆಗುವ ಏರುಪೇರು ಕಾರಣವೆಂದೂ ಸ್ನಾಯು ದಣಿವಿನಿಂದ ಬರುವ ನೋವು ಬೇರೆಯದೆಂದೂ ಈಗ ತಿಳಿದಿದೆ. ಅಂದಿನವರಿಗೆ ಎರಡೂ ಒಂದೇ ಆಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ತಂತಿ ಇಲಾಖೆಯವರ ಕಥೆಯೂ ಇದೇ. ಮೋರ್ಸ್ ಕೀಲಿಯನ್ನು ದಿನವಿಡೀ ಒತ್ತುತ್ತಿದ್ದ ಕೈಗಳು ಸೆಟೆದುಕೊಂಡವು. 1908ರಲ್ಲಿ ಬ್ರಿಟನ್ ಈ ಬೇನೆಯನ್ನು ಪರಿಹಾರಕ್ಕೆ ಅರ್ಹವಾದ ಕಸುಬಿನ ರೋಗಗಳ ಪಟ್ಟಿಗೆ ಸೇರಿಸಿತು. 1911ರಲ್ಲಿ ಅಲ್ಲಿನ ಅಂಚೆ ಇಲಾಖೆಯ ಸಮಿತಿಯೊಂದು ವರದಿ ಕೊಟ್ಟು, ಕೆಲಸದ ದಣಿವಿನಷ್ಟೇ ಕೆಲಸಗಾರರ ನರದೌರ್ಬಲ್ಯವೂ ಕಾರಣವೆಂದು ಹೇಳಿತು. ನೋವು ಕೆಲಸದಲ್ಲಿದೆಯೋ ಕೆಲಸಗಾರನಲ್ಲಿದೆಯೋ ಎಂಬ ಜಗಳ ಅಂದು ಶುರುವಾದದ್ದು ಇನ್ನೂ ಮುಗಿದಿಲ್ಲ.

ಟೈಪ್‌ರೈಟರು ಮಾತ್ರ ಈ ಸಾಲಿನಲ್ಲಿ ಕೊಂಚ ಕರುಣೆಯುಳ್ಳ ಯಂತ್ರ. 1874ರಲ್ಲಿ ರೆಮಿಂಗ್ಟನ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಕೈ ಸೋತವರಿಗೆ, ಕಣ್ಣು ಮಂದವಾದವರಿಗೆ ಅದು ಆಸರೆಯಾಯಿತು. ದೃಷ್ಟಿ ಕೆಟ್ಟಿದ್ದ ನೀಟ್ಶೆ 1882ರಲ್ಲಿ ಡೆನ್ಮಾರ್ಕಿನ ಟೈಪಿಂಗ್ ಯಂತ್ರವೊಂದನ್ನು ತರಿಸಿಕೊಂಡ. ಕಾದಂಬರಿಕಾರ ಹೆನ್ರಿ ಜೇಮ್ಸ್ ಮಣಿಕಟ್ಟು ಕೈಕೊಟ್ಟ ಮೇಲೆ, 1890ರ ದಶಕದ ಕೊನೆಯಿಂದ ಟೈಪಿಸ್ಟರಿಗೆ ಹೇಳಿ ಬರೆಯಿಸತೊಡಗಿದ. ಟೈಪ್‌ರೈಟರಿನಲ್ಲಿ ಸಾಲು ಮುಗಿಯುತ್ತ ಬಂದರೆ ಗಂಟೆ ಬಾರಿಸುತ್ತದೆ. ಕೈ ಎತ್ತಿ ಸನ್ನೆಯನ್ನು ತಳ್ಳಿ ಹೊಸ ಸಾಲಿಗೆ ಬರಬೇಕು. ಹಾಳೆ ಮುಗಿದರೆ ತೆಗೆದು, ಕಾರ್ಬನ್ ಜೋಡಿಸಿ, ಇನ್ನೊಂದು ಹಾಳೆ ಸುತ್ತಬೇಕು. ಒಂದು ಪುಟದೊಳಗೆ ತೋಳು ಹತ್ತಾರು ಬಾರಿ ಚಾಚಿ ಮಡಚುತ್ತದೆ. ಇದಲ್ಲದೆ ಟೈಪ್‌ರೈಟರಿಗೆಂದೇ ಮಾಡಿಸಿದ ಮೇಜು ಬರೆಯುವ ಮೇಜಿಗಿಂತ ಎರಡು ಮೂರು ಅಂಗುಲ ತಗ್ಗಾಗಿರುತ್ತಿತ್ತು. ನಮ್ಮ ಊರೂರುಗಳ ಟೈಪಿಂಗ್ ಇನ್‌ಸ್ಟಿಟ್ಯೂಟುಗಳಲ್ಲಿ ಜೂನಿಯರ್, ಸೀನಿಯರ್ ಪರೀಕ್ಷೆಗೆ ಕಲಿತವರಿಗೆ ಗೊತ್ತು: ಬೆನ್ನು ನೆಟ್ಟಗಿರಬೇಕು, ಮೊಣಕೈ ಪಕ್ಕೆಗೆ ಸಮೀಪವಿರಬೇಕು, ಮಣಿಕಟ್ಟನ್ನು ಊರಬಾರದು ಎಂದು ಮೇಷ್ಟರು ಮೊದಲ ದಿನದಿಂದಲೇ ಗದರುತ್ತಿದ್ದರು.

ಇಲ್ಲೊಂದು ವಿಪರ್ಯಾಸವಿದೆ. 1980ರ ದಶಕದವರೆಗೆ ನಮ್ಮ ಸಂಶೋಧನ ವಿದ್ಯಾರ್ಥಿ ಪ್ರಬಂಧವನ್ನು ಕೈಯಲ್ಲಿ ಬರೆದು ಕ್ಯಾಂಪಸ್ಸಿನ ಬಳಿಯ ಟೈಪಿಸ್ಟನಿಗೆ ಕೊಡುತ್ತಿದ್ದ. ಕಂಪ್ಯೂಟರ್ ಬಂದ ಮೇಲೆ ಅವನೇ ಟೈಪಿಸ್ಟನಾದ. ಆದರೆ ಟೈಪಿಸ್ಟನಿಗೆ ಸಿಕ್ಕಿದ್ದ ಶಿಕ್ಷಣ ಅವನಿಗೆ ಸಿಗಲಿಲ್ಲ. ಕೀಲಿಮಣೆ ಬಂತು, ಗದರುವ ಮೇಷ್ಟರು ಬರಲಿಲ್ಲ.

ಸಾಲಿನ ಕೊನೆಯ ಗಂಟೆಯೂ ಇಲ್ಲದ, ಹಾಳೆಯೂ ಮುಗಿಯದ ಈ ಯಂತ್ರ ಏನು ಮಾಡಬಲ್ಲದು ಎಂಬುದು ಮೊದಲು ಬಯಲಾದದ್ದು ಆಸ್ಟ್ರೇಲಿಯಾದಲ್ಲಿ. 1980ರ ದಶಕದ ಮೊದಲ ಭಾಗದಲ್ಲಿ ಅಲ್ಲಿನ ಕಚೇರಿಗಳಲ್ಲಿ ಕೈನೋವಿನ ದೂರುಗಳು ಸಾಂಕ್ರಾಮಿಕದಂತೆ ಹಬ್ಬಿದವು. ಟೆಲಿಕಾಂ ಆಸ್ಟ್ರೇಲಿಯಾ ಒಂದರಲ್ಲೇ 1981ರಿಂದ 1985ರ ನಡುವೆ ಸುಮಾರು 4,000 ದೂರುಗಳು ದಾಖಲಾದವು. ಪುನರಾವರ್ತಿತ ಶ್ರಮದ ಗಾಯ ಎಂಬರ್ಥದ ಆರ್.ಎಸ್.ಐ. ಎಂಬ ಮೂರಕ್ಷರ ಮನೆಮಾತಾಯಿತು. ಆದರೆ 1987ರಲ್ಲಿ ಪ್ರಕಟವಾದ ಲೆಕ್ಕ ಎಲ್ಲರನ್ನೂ ಗೊಂದಲಕ್ಕೆ ಕೆಡವಿತು. ಗಂಟೆಗೆ ಸಾವಿರಾರು ಬಾರಿ ಕೀಲಿ ಒತ್ತುವ ತಂತಿ ವಿಭಾಗದವರಲ್ಲಿ ಸಾವಿರಕ್ಕೆ 34 ಜನರಷ್ಟೇ ನೋವಿನ ದೂರು ಕೊಟ್ಟಿದ್ದರು. ಕೆಲವೇ ನೂರು ಬಾರಿ ಒತ್ತುವ ಟೆಲಿಫೋನ್ ಆಪರೇಟರುಗಳಲ್ಲಿ ಅದು ಸಾವಿರಕ್ಕೆ 343.

ಬೆರಳಾಡಿಸುವುದೊಂದೇ ಕಾರಣವಾಗಿದ್ದರೆ ಈ ಲೆಕ್ಕ ತಲೆಕೆಳಗಾಗಬೇಕಿತ್ತು. ಇದನ್ನು ಹಿಡಿದು ನೋವೆಲ್ಲ ಬರಿಯ ಕಲ್ಪನೆ ಎಂದವರು ಹಲವರು. 1993ರಲ್ಲಿ ಲಂಡನ್ನಿನ ಮೊಕದ್ದಮೆಯೊಂದರಲ್ಲಿ ಆರ್.ಎಸ್.ಐ. ಎಂಬುದಕ್ಕೆ ವೈದ್ಯಕೀಯ ಗ್ರಂಥಗಳಲ್ಲಿ ಜಾಗವೇ ಇಲ್ಲ ಎಂದು ನ್ಯಾಯಾಧೀಶರೂ ಹೇಳಿಬಿಟ್ಟರು. ಆದರೆ ರಮಾಜ್ಜಿನಿಯ ಮೂರನೆಯ ಕಾರಣವನ್ನು ಇವರು ಮರೆತಿದ್ದರು. ಕೆಲಸದ ವೇಗ ತನ್ನ ಕೈಯಲ್ಲಿಲ್ಲದವನ, ಸದಾ ಯಾರೋ ಗಡಿಯಾರ ಹಿಡಿದು ನೋಡುತ್ತಿರುವವನ ಭುಜ ತಾನಾಗಿ ಮೇಲೇರಿ ಬಿಗಿದುಕೊಳ್ಳುತ್ತದೆ. ಕೈ ಆಡಲಿ ಬಿಡಲಿ, ಬಿಗಿದ ಸ್ನಾಯುವಿಗೆ ಬಿಡುವಿಲ್ಲ. ಮಾರ್ಗದರ್ಶಕರ ಒಪ್ಪಿಗೆ, ಮುಗಿಯುತ್ತ ಬಂದ ಫೆಲೋಶಿಪ್, ಪ್ರಬಂಧ ಸಲ್ಲಿಸಬೇಕಾದ ಗಡುವು ಇವುಗಳ ನಡುವೆ ಕುಳಿತವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೆಲಸವನ್ನು ಮನುಷ್ಯನಿಗೆ ಹೊಂದಿಸುವ ಶಾಸ್ತ್ರಕ್ಕೆ ಎರ್ಗಾನಾಮಿಕ್ಸ್ ಎಂದು ಹೆಸರು. ಗ್ರೀಕಿನಲ್ಲಿ ಎರ್ಗಾನ್ ಎಂದರೆ ಕೆಲಸ, ನೊಮೊಸ್ ಎಂದರೆ ನಿಯಮ. 1857ರಲ್ಲಿ ಪೋಲೆಂಡಿನ ಸಸ್ಯವಿಜ್ಞಾನಿ ಯಾಸ್ತ್‌ಶೆಂಬೋವ್ಸ್ಕಿ ವಾರಪತ್ರಿಕೆಯೊಂದರಲ್ಲಿ ಈ ಪದವನ್ನು ಹುಟ್ಟುಹಾಕಿದ, ಯಾರೂ ಕಿವಿಗೊಡಲಿಲ್ಲ. 1949ರಲ್ಲಿ ಇಂಗ್ಲೆಂಡಿನ ಮರ‍್ರೆಲ್ ಅದೇ ಪದವನ್ನು ಮತ್ತೆ ಬಳಕೆಗೆ ತಂದ ಮೇಲೆ ಅದೊಂದು ಶಾಸ್ತ್ರವಾಗಿ ನಿಂತಿತು. ಎಲ್ಲರಿಗೂ ಪರಿಚಿತವಾದ ಆ ಚಿತ್ರ, ಮೊಣಕಾಲು, ಸೊಂಟ, ಮೊಣಕೈ ಮೂರೂ ತೊಂಬತ್ತು ಡಿಗ್ರಿಯಲ್ಲಿ ಮಡಿಸಿ ಗೊಂಬೆಯಂತೆ ಕುಳಿತ ಮನುಷ್ಯನ ಚಿತ್ರ, ಈ ಶಾಸ್ತ್ರದ ಕೊಡುಗೆಯೆಂದೇ ಬಹಳ ಜನ ನಂಬಿದ್ದಾರೆ. ಶಾಸ್ತ್ರದೊಳಗೇ ಅದಕ್ಕೆ ಎದುರು ಮಾತು ಬಹಳ ಹಿಂದೆಯೇ ಎದ್ದಿದೆ. ಮನುಷ್ಯ ಹಾಗೆ ಕೂರುವುದೇ ಇಲ್ಲ, ಕೂತರೂ ಕೆಲವು ನಿಮಿಷಕ್ಕೆ ಮುಂದಕ್ಕೆ ಜಾರುತ್ತಾನೆ ಎಂದು ಡೆನ್ಮಾರ್ಕಿನ ಶಸ್ತ್ರವೈದ್ಯ ಮಂಡಾಲ್ 1970ರ ದಶಕದಿಂದ ವಾದಿಸಿದ.

ಬೆನ್ನುಹುರಿಯ ಮಣಿಗಳ ನಡುವಿನ ಮೆತ್ತೆಗಳ ಕಥೆ ಇನ್ನೂ ಸ್ವಾರಸ್ಯದ್ದು. 1960ರ ದಶಕದಲ್ಲಿ ಸ್ವೀಡನ್ನಿನ ನಾಕೆಮ್ಸನ್ ಸೂಜಿಯನ್ನು ನೇರವಾಗಿ ಮೆತ್ತೆಗೇ ಚುಚ್ಚಿ ಒತ್ತಡವನ್ನು ಅಳೆದ. ನಿಂತಾಗಿಗಿಂತ ಆಸರೆಯಿಲ್ಲದೆ ಕುಳಿತಾಗ ಒತ್ತಡ ಬಹಳ ಹೆಚ್ಚು ಎಂಬ ಅವನ ತೀರ್ಮಾನ ಮೂರು ದಶಕ ಪಠ್ಯಪುಸ್ತಕಗಳಲ್ಲಿ ಮೆರೆಯಿತು. 1999ರಲ್ಲಿ ಜರ್ಮನಿಯ ಉಲ್ಮ್ ನಗರದಲ್ಲಿ ವಿಲ್ಕೆ ಮತ್ತು ಸಂಗಡಿಗರು ಒಬ್ಬ ಮೂಳೆವೈದ್ಯನ ಬೆನ್ನಿನಲ್ಲೇ ಹೊಸ ಉಪಕರಣವಿಟ್ಟು ಅಳೆದರು. ಸಡಿಲವಾಗಿ ಕುಳಿತಾಗಿನ ಒತ್ತಡ ನಿಂತಾಗಿಗಿಂತ ಹೆಚ್ಚೇನೂ ಇರಲಿಲ್ಲ, ತುಸು ಕಡಿಮೆಯೇ ಇತ್ತು. ಕುಳಿತು ಮುಂದಕ್ಕೆ ಬಾಗಿದಾಗ ಮಾತ್ರ ಏರಿತು. ಮೆತ್ತೆಗೆ ಪೋಷಣೆ ಸಿಗುವುದು ಒತ್ತಡ ಏರಿಳಿಯುತ್ತಿದ್ದರೆ. ಹಾಗಾಗಿ ಅತ್ಯುತ್ತಮ ಭಂಗಿ ಯಾವುದೆಂದು ಹುಡುಕುವುದಕ್ಕಿಂತ ಭಂಗಿಯನ್ನು ಬದಲಿಸುತ್ತಿರುವುದೇ ಮುಖ್ಯ ಎನ್ನುವ ಕಡೆಗೆ ಶಾಸ್ತ್ರ ವಾಲಿದೆ. ಸಾವಿರಾರು ರೂಪಾಯಿಯ ಕುರ್ಚಿ ಕೊಂಡು ಅದರಲ್ಲಿ ಐದು ಗಂಟೆ ಅಲುಗಾಡದೆ ಕುಳಿತವನಿಗಿಂತ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಅರ್ಧ ಗಂಟೆಗೊಮ್ಮೆ ಏಳುವವನೇ ಜಾಣ.

ಏಳದೆ ಇರುವುದರ ಬೆಲೆ ಬೆನ್ನಿಗಷ್ಟೇ ಅಲ್ಲ. 1953ರಲ್ಲಿ ಜೆರಿ ಮಾರಿಸ್ ಎಂಬ ವೈದ್ಯ ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರ ಲೆಕ್ಕ ತೆಗೆದ. ಅದೇ ಬಸ್ಸು, ಅದೇ ರಸ್ತೆ. ಆದರೆ ದಿನವಿಡೀ ಕುಳಿತ ಚಾಲಕರಿಗೆ ಹೃದಯಾಘಾತ ಹೆಚ್ಚು, ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಕಡಿಮೆ. ಓಡಾಡುವ ಅಂಚೆಯವರಿಗೂ ಮೇಜಿನ ಗುಮಾಸ್ತರಿಗೂ ನಡುವೆ ಇಂಥದ್ದೇ ಅಂತರ ಕಂಡಿತು.

ಹಿಂದಿನ ಸಂಶೋಧಕನಿಗೆ ಮೆಟ್ಟಿಲು ಹತ್ತುವುದು ತಪ್ಪುತ್ತಿರಲಿಲ್ಲ. ಗ್ರಂಥಾಲಯಕ್ಕೆ ನಡೆದುಹೋಗಿ, ಕಾರ್ಡುಗಳ ಡ್ರಾಯರುಗಳ ಮುಂದೆ ನಿಂತು, ಕಪಾಟುಗಳ ನಡುವೆ ಅಲೆದು, ಏಣಿ ಹತ್ತಿ ಪುಸ್ತಕ ಇಳಿಸಬೇಕಿತ್ತು. ಬೇರೆ ವಿಶ್ವವಿದ್ಯಾಲಯದ ಪ್ರಬಂಧ ಬೇಕಿದ್ದರೆ ಬಸ್ಸೋ ರೈಲೋ ಹತ್ತಬೇಕಿತ್ತು. ಈಗ ಶೋಧಗಂಗಾದಲ್ಲಿ ದೇಶದ ಲಕ್ಷಾಂತರ ಪ್ರಬಂಧಗಳು ಕುಳಿತಲ್ಲಿಗೇ ಬರುತ್ತವೆ. ಇದನ್ನು ದೂರುವುದು ಕೃತಘ್ನತೆಯಾದೀತು. ಆದರೆ ಗಂಗೆ ಮನೆಬಾಗಿಲಿಗೆ ಬಂದ ಮೇಲೆ ಯಾತ್ರೆಯ ನಡಿಗೆ ತಪ್ಪಿಹೋಯಿತು ಎಂಬುದೂ ನಿಜ. ಕುವೆಂಪು ಅವರು ಕುಕ್ಕರಹಳ್ಳಿ ಕೆರೆಯ ದಂಡೆಯ ಮೇಲೆ ನಡೆದಾಡುತ್ತಿದ್ದುದನ್ನು ಮೈಸೂರಿನವರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಮಾನಸಗಂಗೋತ್ರಿ ಇರುವುದು ಅದೇ ಕೆರೆಯ ಮಗ್ಗುಲಲ್ಲಿ. ಇಂಗ್ಲೆಂಡಿನಲ್ಲಿ ಡಾರ್ವಿನ್ ತನ್ನ ಮನೆಯ ಹಿಂದೆ ಮರಳು ಹಾಸಿದ ದಾರಿಯೊಂದನ್ನು ಮಾಡಿಸಿಕೊಂಡು ದಿನವೂ ಸುತ್ತುತ್ತಿದ್ದ, ಸುತ್ತು ಎಣಿಸಲು ಕಲ್ಲುಗಳನ್ನು ಇಟ್ಟುಕೊಂಡಿದ್ದ. ಜೀವಮಾನವೆಲ್ಲ ಕಾಯಿಲೆಯವನಾಗಿದ್ದ ಆತ ಒಂದೂವರೆ ಗಂಟೆಗಿಂತ ಹೆಚ್ಚು ಒಂದೇ ಸಮನೆ ಕುಳಿತು ದುಡಿಯುತ್ತಿದ್ದುದು ಅಪರೂಪ. ಅವನ ಪುಸ್ತಕಗಳ ಪಟ್ಟಿಯೇನೂ ಅದರಿಂದ ಚಿಕ್ಕದಾಗಲಿಲ್ಲ.

ಕಾನೂನು ಈ ವಿಷಯದಲ್ಲಿ ತಡವಾಗಿ ಎಚ್ಚೆತ್ತುಕೊಂಡಿತು. ಪರದೆಯ ಮುಂದೆ ದುಡಿಯುವವರ ರಕ್ಷಣೆಗೆ ಯೂರೋಪಿನ ಒಕ್ಕೂಟ 1990ರಲ್ಲಿ ನಿರ್ದೇಶನ ಹೊರಡಿಸಿತು. ಅದರಂತೆ ಬ್ರಿಟನ್ನಿನ ನಿಯಮಗಳು 1993ರ ಜನವರಿ 1ರಿಂದ ಜಾರಿಗೆ ಬಂದವು. ಬಿಡುವು ಕೊಡುವುದು ಮಾಲೀಕನ ಕರ್ತವ್ಯವಾಯಿತು. ಎರಡು ಗಂಟೆಗೊಮ್ಮೆ ಕಾಲು ಗಂಟೆಯ ಬಿಡುವಿಗಿಂತ ಗಂಟೆಗೊಮ್ಮೆ ಐದರಿಂದ ಹತ್ತು ನಿಮಿಷದ ಬಿಡುವು ಮೇಲು ಎಂದು ಅಲ್ಲಿನ ಸರ್ಕಾರಿ ಮಾರ್ಗಸೂಚಿ ಹೇಳುತ್ತ ಬಂದಿದೆ. ಅಮೆರಿಕದಲ್ಲಿ 2000ದ ನವೆಂಬರಿನಲ್ಲಿ ಹೊರಬಿದ್ದ ಎರ್ಗಾನಾಮಿಕ್ಸ್ ನಿಯಮಗಳನ್ನು 2001ರ ಮಾರ್ಚಿನಲ್ಲೇ ಕಾಂಗ್ರೆಸ್ ರದ್ದು ಮಾಡಿತು. ಭಾರತದಲ್ಲಿ 1948ರ ಕಾರ್ಖಾನೆ ಕಾಯಿದೆ ನಿಂತು ದುಡಿಯುವವರಿಗೆ ಕೂರಲು ಆಸನ ಇರಬೇಕೆಂದು ವಿಧಿಸಿತ್ತು. 2018ರಲ್ಲಿ ಕೇರಳ, 2021ರಲ್ಲಿ ತಮಿಳುನಾಡು ಅಂಗಡಿಗಳ ನೌಕರರಿಗೆ ಕುಳಿತುಕೊಳ್ಳುವ ಹಕ್ಕನ್ನು ಕಾನೂನಿನಿಂದ ಕೊಟ್ಟವು. ನಿಂತವರು ಕೂರಲು ಹೋರಾಡಬೇಕಾದ ನಾಡಿನಲ್ಲಿ ಕುಳಿತವರು ಏಳುವ ಹಕ್ಕಿನ ಮಾತೆತ್ತಿದರೆ ನಗು ಬರಬಹುದು.

ಆದರೆ ಈ ನಿಯಮಗಳೆಲ್ಲ ಇರುವುದು ನೌಕರರಿಗೆ. ಸಂಶೋಧನ ವಿದ್ಯಾರ್ಥಿ ನೌಕರನಲ್ಲ. ಬ್ರಿಟನ್ನಿನ ನಿಯಮಗಳೂ ಕೇವಲ ವಿದ್ಯಾರ್ಥಿಯಾದವನನ್ನು ಒಳಗೊಳ್ಳುವುದಿಲ್ಲ. ನೌಕರನಷ್ಟೇ, ಒಮ್ಮೊಮ್ಮೆ ಅವನಿಗಿಂತ ಹೆಚ್ಚು ಹೊತ್ತು ಪರದೆಯ ಮುಂದೆ ಇರುವ ಆತನಿಗೆ ಮೇಜು ಕೊಟ್ಟವರಾರು, ಅದರ ಎತ್ತರಕ್ಕೆ ಹೊಣೆ ಯಾರು ಎಂದು ಕೇಳುವವರಿಲ್ಲ. ನಮ್ಮಲ್ಲಿ ಯುಜಿಸಿಯ 2022ರ ಪಿಎಚ್.ಡಿ. ನಿಯಮಗಳು ಮಹಿಳೆಯರಿಗೂ ಶೇಕಡ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಎರಡು ವರ್ಷದ ಹೆಚ್ಚಿನ ಅವಕಾಶ ಕೊಡುತ್ತವೆ. ಪ್ರಬಂಧದ ಕೊನೆಯ ವರ್ಷದಲ್ಲಿ ಆರು ತಿಂಗಳು ಕೈ ಆಡದೆ ಹೋದ ಹುಡುಗನಿಗೆ ಅದರಲ್ಲಿ ಜಾಗವಿಲ್ಲ.

ಹಾಗಾಗಿ ಸದ್ಯಕ್ಕೆ ತನ್ನ ಮೇಜನ್ನು ತಾನೇ ನೋಡಿಕೊಳ್ಳಬೇಕು. ಹಾಸ್ಟೆಲಿನ ಮೇಜು ಸಾಮಾನ್ಯವಾಗಿ ಸುಮಾರು 75 ಸೆಂಟಿಮೀಟರ್ ಎತ್ತರದ್ದು. ಅದು ಪೆನ್ನಿನಲ್ಲಿ ಬರೆಯುವವರ ಎತ್ತರ, ಅದೂ ಯೂರೋಪಿನ ಮೈಕಟ್ಟಿನ ಅಳತೆಯಿಂದ ಬಂದದ್ದು. ಭಾರತೀಯರ ದೇಹದ ಅಳತೆಗಳನ್ನು ವಿನ್ಯಾಸಕಾರರಿಗೆಂದು ಕಲೆಹಾಕಿದ ಪುಸ್ತಕವನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಪ್ರಕಟಿಸಿದ್ದು 1997ರಲ್ಲಿ. ಹಾಸ್ಟೆಲಿನ ಪೀಠೋಪಕರಣ ಕೊಳ್ಳುವವರು ಅದನ್ನು ತೆರೆದು ನೋಡಿದಂತೆ ತೋರುವುದಿಲ್ಲ. ಐದಡಿ ಎತ್ತರದ ಹುಡುಗಿ ಆ ಮೇಜಿನ ಮೇಲೆ ಕೀಲಿಮಣೆ ಇಟ್ಟರೆ ಭುಜ ಕಿವಿಯತ್ತ ಏರುತ್ತದೆ. ಕುರ್ಚಿಯ ಮೇಲೆ ದಿಂಬು ಹಾಕಿ ಏರಿಸಿಕೊಂಡರೆ ಮೊಣಕೈ ಸರಿಹೋಗುತ್ತದೆ, ಕಾಲು ಜೋಲಾಡುತ್ತದೆ. ಕಾಲಡಿಗೆ ಮಣೆಯೊಂದನ್ನು ಹಾಕಿದರೆ ಮುಗಿಯಿತು. ಊಟದ ಮಣೆಗೆ ಇದಕ್ಕಿಂತ ಒಳ್ಳೆಯ ನಿವೃತ್ತಿ ಸಿಗಲಾರದು.

ಲ್ಯಾಪ್‌ಟಾಪಿನದು ಬೇರೆಯೇ ತೊಡಕು. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಪರದೆ ಬೇರೆ, ಕೀಲಿಮಣೆ ಬೇರೆ; ಕಣ್ಣಿಗೆ ಪರದೆಯನ್ನೂ ಕೈಗೆ ಕೀಲಿಮಣೆಯನ್ನೂ ಬೇರೆಬೇರೆಯಾಗಿ ಹೊಂದಿಸಬಹುದಿತ್ತು. ಲ್ಯಾಪ್‌ಟಾಪ್ ಎರಡನ್ನೂ ಮತ್ತೆ ಒಂದೇ ಕೀಲಿಗೆ ಕಟ್ಟಿತು. ಕೈಗೆ ಸರಿಯಾದರೆ ಕುತ್ತಿಗೆ ಬಾಗುತ್ತದೆ, ಕುತ್ತಿಗೆಗೆ ಸರಿಯಾದರೆ ಕೈ ಗಾಳಿಯಲ್ಲಿ ತೇಲುತ್ತದೆ. ನಾಲ್ಕೈದು ಕಿಲೋ ತೂಗುವ ತಲೆಯನ್ನು ಮುಂದಕ್ಕೆ ಬಾಗಿಸಿ ಹಿಡಿದಿರುವ ಕೆಲಸ ಕುತ್ತಿಗೆಯ ಹಿಂಭಾಗದ ಸ್ನಾಯುಗಳದು. ಇದಕ್ಕೆ ಪರಿಹಾರ ಅಗ್ಗದ್ದು: ಕೆಲವು ದಪ್ಪ ಪುಸ್ತಕಗಳ ಮೇಲೆ ಲ್ಯಾಪ್‌ಟಾಪನ್ನು ಕಣ್ಣಿನ ಮಟ್ಟಕ್ಕೆ ಏರಿಸಿ, ಬೇರೊಂದು ಕೀಲಿಮಣೆಯನ್ನೂ ಮೌಸನ್ನೂ ಕೆಳಗೆ ಇಟ್ಟುಕೊಳ್ಳುವುದು. ಮಂಚದ ಮೇಲೆ ಮಲಗಿ ಹೊಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅಧ್ಯಾಯ ಮುಗಿಸುವವರಿಗೆ ಯಾವ ಶಾಸ್ತ್ರವೂ ಸಹಾಯ ಮಾಡಲಾರದು.

ಕಣ್ಣಿನ ಉರಿಗೆ ಕಾರಣ ಪರದೆಯ ಬೆಳಕಿಗಿಂತ ರೆಪ್ಪೆ. 1993ರಲ್ಲಿ ಜಪಾನಿನ ವೈದ್ಯರು ಎಣಿಸಿ ನೋಡಿದಂತೆ ಆರಾಮವಾಗಿರುವಾಗ ನಿಮಿಷಕ್ಕೆ ಸುಮಾರು 22 ಬಾರಿ ಮಿಟುಕುವ ರೆಪ್ಪೆ ಪುಸ್ತಕ ಓದುವಾಗ 10ಕ್ಕೆ, ಪರದೆ ನೋಡುವಾಗ 7ಕ್ಕೆ ಇಳಿಯುತ್ತದೆ. ಕಣ್ಣು ಒಣಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಬೇಕೆಂಬ ಸೂತ್ರ ಅಮೆರಿಕದ ಒಬ್ಬ ದೃಷ್ಟಿತಜ್ಞ ನೆನಪಿನ ಅನುಕೂಲಕ್ಕೆ ಕಟ್ಟಿದ್ದು. ಇಪ್ಪತ್ತರಲ್ಲಿ ಯಾವ ಮಂತ್ರಶಕ್ತಿಯೂ ಇಲ್ಲ. ಕಿಟಕಿಯಾಚೆಯ ಮರವನ್ನು ಆಗಾಗ ನೋಡಿ, ಬೇಕೆಂದೇ ರೆಪ್ಪೆ ಮಿಟುಕಿಸಿದರೂ ಸಾಕು.

ಇಷ್ಟಾದರೂ ನೋವು ನಿಲ್ಲದಿದ್ದರೆ ಅದನ್ನು ಓದಿನ ಆಯಾಸವೆಂದು ಮುಲಾಮು ಹಚ್ಚಿ ಮುಚ್ಚಿಡಬಾರದು. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ರಾತ್ರಿ ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನ ಓಣಿಯಲ್ಲಿ ನರ ಒತ್ತಿಕೊಂಡಿರಬಹುದು. ಕಿರುಬೆರಳು ಮರಗಟ್ಟಿದರೆ ಮೇಜಿನ ಅಂಚಿಗೆ ಊರಿದ ಮೊಣಕೈಯನ್ನು ಸಂದೇಹಿಸಬೇಕು. ಹಿಡಿದ ಲೋಟ ಜಾರುವಷ್ಟು ಕೈ ಸೋತರೆ ಪ್ರಬಂಧವನ್ನು ಬದಿಗಿಟ್ಟು ವೈದ್ಯರಲ್ಲಿಗೆ ಹೋಗಬೇಕು. ವೈದ್ಯರು ತಾವಾಗಿ ರಮಾಜ್ಜಿನಿಯ ಪ್ರಶ್ನೆಯನ್ನು ಕೇಳದಿದ್ದರೆ ರೋಗಿಯೇ ಹೇಳಿಬಿಡುವುದು ಲೇಸು: ದಿನಕ್ಕೆ ಎಷ್ಟು ಗಂಟೆ, ಎಂಥ ಮೇಜು, ಎಷ್ಟು ಹೊತ್ತಿಗೊಮ್ಮೆ ಏಳುವುದು, ಪ್ರಬಂಧ ಸಲ್ಲಿಸಲು ಉಳಿದಿರುವ ದಿನಗಳೆಷ್ಟು ಎಂಬುದನ್ನೆಲ್ಲ.